ಅಡ್ಮಿನ್ ಪಟ್ಟಾಭಿಷೇಕ
ಬೆಂಗಳೂರಿನ ಸಿ.ವಿ. ರಾಮನ್ ನಗರದ ಅಪಾರ್ಟ್‌ಮೆಂಟುಗಳಲ್ಲಿ ಸಂಘದ ಪದಾಧಿಕಾರಿಗಳನ್ನು ಆರಿಸಲು ಬೈಲಾ, ಸರ್ವಸದಸ್ಯರ ಸಭೆ ಮುಂತಾದ ಸಕಲ ಸಲಕರಣೆಗಳಿದ್ದರೂ, ನಿವಾಸಿಗಳ ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್, ಅಂದರೆ ಸದಸ್ಯರನ್ನು ಸೇರಿಸುವ ಹಾಗೂ ಹೊರದಬ್ಬುವ ಅಧಿಕಾರವುಳ್ಳ ಮಹಾನುಭಾವರು, ಗುಂಪನ್ನು ಮೊದಲು ತೆರೆದವರೆಂಬ ಏಕೈಕ ಅರ್ಹತೆಯಿಂದ ಪಟ್ಟವೇರುತ್ತಾರೆ. ಪಕ್ಕದ ಕಗ್ಗದಾಸಪುರದ ವಾಹನದಟ್ಟಣೆಯನ್ನು ಬಯ್ಯುವುದು ಲೋಕಹಿತ, ನೀರಿನ ಟ್ಯಾಂಕರಿನ ಲೆಕ್ಕ ಕೇಳುವುದು ಮಾತ್ರ ವಿಷಯಾಂತರ ಎಂಬ ತೀರ್ಪು ಅವರದೇ. 2022ರಲ್ಲಿ ಸಂದೇಶಕ್ಕೆ ಚಿಹ್ನೆಯಿಂದಲೇ ಪ್ರತಿಕ್ರಿಯಿಸುವ ಸೌಲಭ್ಯ ಬಂದ ಮೇಲಂತೂ, ಬಾಯಿ ಬಿಡದೆ ಅಸಮ್ಮತಿ ಸೂಚಿಸುವ ಕೆಳಮುಖ ಹೆಬ್ಬೆರಳನ್ನು ಯಾರು ಒತ್ತಿದರೆಂಬುದು ಎಲ್ಲರಿಗೂ ಕಾಣುವುದರಿಂದ, ಲಿಫ್ಟಿನಲ್ಲಿ ಎದುರಾದ ನೆರೆಯವರು ಪರಸ್ಪರ ಮುಖ ಬಿಟ್ಟು ಮಹಡಿಯ ಸಂಖ್ಯೆಯನ್ನೇ ಶ್ರದ್ಧೆಯಿಂದ ಓದತೊಡಗಿದ್ದಾರೆ. ಸೇರಿಸುವ, ತೆಗೆಯುವ ಸವಲತ್ತನ್ನು ಬಿಟ್ಟರೆ ಅಡ್ಮಿನ್‌ಗೆ ಹೆಚ್ಚಿನದೇನೂ ಇಲ್ಲವೆಂದು ಕೇರಳ ಹೈಕೋರ್ಟ್ ಅದೇ ವರ್ಷ ಹೇಳಿತು. ಆ ತೀರ್ಪನ್ನು ಗುಂಪಿನಲ್ಲಿ ಹಂಚಿದವರನ್ನು ತೆಗೆಯಲು ಅಷ್ಟು ಸವಲತ್ತು ಧಾರಾಳವಾಗಿ ಸಾಕು.