ಪೇಜ್ ಉಂಟು

ಉಡುಪಿ ಜಿಲ್ಲೆಯ ಕಾಪು ತಾಲೂಕಿನ ನಂದಿಕೂರಿನಲ್ಲಿ ಯಾರ ಬಗ್ಗೆಯಾದರೂ ‘ಅವಳದ್ದೊಂದು ಪೇಜ್ ಉಂಟು’ ಎಂದರೆ ಇಷ್ಟು ಅರ್ಥ: ಮನೆಯಲ್ಲೇ ಕೂತು ಕೈಯಾರೆ ಏನನ್ನೋ ಮಾಡುತ್ತಾಳೆ, ಅದರ ಫೋಟೊವನ್ನು ಇನ್‌ಸ್ಟಾಗ್ರಾಮಿಗೆ ಹಾಕುತ್ತಾಳೆ, ಆಗೊಮ್ಮೆ ಈಗೊಮ್ಮೆ ಅದು ಮಾರಾಟವೂ ಆಗುತ್ತದೆ. ಅಂಗಡಿ ತೆರೆಯಲು ಬೋರ್ಡು, ಬಾಡಿಗೆ, ಅಡ್ವಾನ್ಸು ಎಲ್ಲ ಬೇಕು. ಪೇಜಿಗೆ ಒಂದು ಮೊಬೈಲು ಮತ್ತು ಮನೆಯವರ ತಾಳ್ಮೆ ಸಾಕು. ಪೇಜಿನವರಲ್ಲಿ ಗಂಡಸರೂ ಇದ್ದಾರೆ: ಬೈಕಿಗೆ ಸ್ಟಿಕ್ಕರ್ ಕತ್ತರಿಸುವವರು, ಮರದ ನಾಮಫಲಕ ಕೊರೆಯುವವರು, ಹುಲಿವೇಷದ ಮುಖ ಬರೆಯುವವರು. ಹೆಚ್ಚಿನವರು ಹೆಂಗಸರು. ಡಿಗ್ರಿ ಮುಗಿದು ಕೆಲಸ ಸಿಗದಿರುವ ಕಾಲ, ಮಗು ಅಂಗನವಾಡಿಗೆ ಹೊರಟ ಕಾಲ, ಈ ಎರಡರಲ್ಲಿ ಪೇಜ್ ಹುಟ್ಟುವ ಸಂಭವ ಹೆಚ್ಚು. ಸೀರೆಗೆ ಕುಚ್ಚು, ಕ್ರೋಶ, ಮೆಹಂದಿ, ಕೇಕು, ಅಚ್ಚಿಗೆ ಹೊಯ್ದು ಗಟ್ಟಿಯಾಗಿಸುವ ರೆಸಿನ್ ಇವು ಮುಖ್ಯ ಪ್ರಕಾರಗಳು. ಮುಂದಿನ ವಿವರಣೆ ರೆಸಿನ್‌ನವಳದ್ದು. ಉಳಿದವರ ಕಷ್ಟಸುಖ ಹೆಚ್ಚುಕಡಿಮೆ ಇದೇ.

ಪೇಜಿನ ಚರಿತ್ರೆ ಸಣ್ಣದು. 2018ರ ಜನವರಿಯಲ್ಲಿ ವಾಟ್ಸ್ಆ್ಯಪ್ ಬಿಸಿನೆಸ್ ಬಂತು. 2020ರ ಜೂನ್ 29ರಂದು ಕೇಂದ್ರ ಸರಕಾರ ಟಿಕ್‌ಟಾಕನ್ನು ನಿಷೇಧಿಸಿತು. ಹತ್ತು ದಿನದೊಳಗೆ ಇನ್‌ಸ್ಟಾಗ್ರಾಮ್ ಇಲ್ಲಿ ರೀಲ್ಸ್ ಶುರುಮಾಡಿತು. ಹೊರಗೆ ಕೊರೋನಾ, ಮನೆಯೊಳಗೆ ಪುರುಸೊತ್ತು, ಕೈಯಲ್ಲಿ ಮೊಬೈಲು. ಹಲಸಿನ ಹಪ್ಪಳ ಒಣಗಿಸುವುದನ್ನು ಬಿಟ್ಟರೆ ಬೇರೆ ಕೆಲಸವಿಲ್ಲದ ಆ ದಿನಗಳಲ್ಲಿ ಅನೇಕರು ತಮ್ಮೊಳಗೆ ಒಬ್ಬ ಕಲಾವಿದೆ ಇದ್ದಾಳೆಂದು ಕಂಡುಕೊಂಡರು.

ಪ್ರಚಾರದ ವಿದ್ಯೆ ಮಾತ್ರ ಊರಿಗೆ ಹೊಸತಲ್ಲ. ಯಕ್ಷಗಾನ ಮೇಳ ಬಯಲಿಗೆ ಬಂದರೆ ಹೊತ್ತು ಮುಳುಗುವಾಗ ಚೆಂಡೆಯಲ್ಲಿ ಕೇಳಿ ಬಾರಿಸಿ ನಾಲ್ಕು ಊರಿಗೆ ಸುದ್ದಿ ಮುಟ್ಟಿಸುತ್ತಿತ್ತು. ರಿಕ್ಷಾಕ್ಕೆ ಮೈಕ್ ಕಟ್ಟಿ ಕರಪತ್ರ ಎಸೆಯುತ್ತ ಹೋಗುವ ಕ್ರಮ ಆಮೇಲಿನದು. ಕೈಕಸುಬಿಗೂ ಹಣಕ್ಕೂ ನಂಟು ಹಾಕಿದ್ದು ಅದಕ್ಕಿಂತ ದೊಡ್ಡ ಕತೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ್ದು ಸೋತುಹೋಗಿದ್ದ ಕೈಮಗ್ಗದ ನೇಕಾರರಿಗೆ ಆಸರೆಯಾಗಲೆಂದು. 1928ರಲ್ಲಿ ಅದು ಪಿಗ್ಮಿ ಠೇವಣಿ ತಂದಿತು. ಏಜೆಂಟರು ದಿನಾ ಮನೆಬಾಗಿಲಿಗೆ ಬಂದು ಎರಡಾಣೆ ಒಯ್ಯುತ್ತಿದ್ದರು. ದಿನಾ ಮುಖ ತೋರಿಸುವುದು, ಸ್ವಲ್ಪವೇ ಕೇಳುವುದು, ನಾಳೆಯೂ ಬರುವುದು: ಇದನ್ನೇ ಇವತ್ತು ‘ಕನ್ಸಿಸ್ಟೆನ್ಸಿ’ ಎಂಬ ಹೆಸರಿನಲ್ಲಿ ಆನ್‌ಲೈನ್ ಕೋರ್ಸು ಮಾಡಿ ಮಾರುತ್ತಾರೆ. ಪೇಜಿನವಳ ಅಜ್ಜ ಪಿಗ್ಮಿ ಕಟ್ಟಿದವರೇ ಆಗಿದ್ದರೂ ಕೋರ್ಸಿಗೆ ಅವಳು ದುಡ್ಡು ಕೊಟ್ಟಿರುತ್ತಾಳೆ.

ಮೊದಲ ಕೆಲಸ ಹೆಸರಿಡುವುದು. ಹೆಸರು ಇಂಗ್ಲಿಷಿನಲ್ಲಿರಬೇಕು, ಕೊನೆಗೆ ‘ಕ್ರಿಯೇಷನ್ಸ್’ ಬರಬೇಕು. ಬೇಕೆಂದ ಹೆಸರನ್ನು ಲೋಕದಲ್ಲಿ ಯಾರೋ ಆಗಲೇ ಹಿಡಿದಿರುತ್ತಾರೆ. ಆದ್ದರಿಂದ ನಡುವೆ ಒಂದು ಚುಕ್ಕೆ, ಕೊನೆಗೆ ಎರಡು ಅಡ್ಡಗೆರೆ, ಹುಟ್ಟಿದ ಇಸವಿಯ ಬಾಲ ಸೇರುತ್ತವೆ. ನೋಡಲು ಚಂದ, ಬಾಯಲ್ಲಿ ಹೇಳಲು ಆಗದು. ಇದರ ಪರಿಣಾಮ ಗೊತ್ತಾಗುವುದು ಮುಂಬಯಿಯ ದೊಡ್ಡಮ್ಮ ಫೋನು ಮಾಡಿದಾಗ.

“ಏನಂತ ಹೊಡೀಬೇಕು?”

“ನನ್ನ ಹೆಸರು ಹೊಡೀರಿ ದೊಡ್ಡಮ್ಮ, ಮತ್ತೆ ಅಡ್ಡಗೆರೆ. ಕೆಳಗಿನದ್ದು. ಮಧ್ಯದ್ದಲ್ಲ.”

“ಹೊಡೆದೆ. ಇದು ಯಾರೋ ಅರ್ಧ ಬಟ್ಟೆಯವಳು ಬಂದಳಲ್ಲ ಮಾರಾಯ್ತಿ!”

“ಅದು ನಾನಲ್ಲ! ಕೊನೆಗೆ ಇನ್ನೊಂದು ಅಡ್ಡಗೆರೆ ಉಂಟು.”

“ಅದೆಲ್ಲ ಬೇಡ. ಫೋಟೊ ನನಗೇ ಕಳಿಸು, ನಾನು ಗ್ರೂಪಿಗೆ ಹಾಕ್ತೇನೆ.”

ಈ ಕೊನೆಯ ವಾಕ್ಯದ ಬೆಲೆ ಪೇಜಿನವಳಿಗೆ ಆ ಹೊತ್ತಿಗೆ ತಿಳಿಯುವುದಿಲ್ಲ.

ಎರಡನೆಯ ಕೆಲಸ ಫೋಟೊ. ಬೆಳಗ್ಗಿನ ಬೆಳಕು ಬೀಳುವ ಕಿಟಿಕಿ, ಅಮ್ಮನ ಬಿಳಿ ಬೆಡ್‌ಶೀಟು, ಬದಿಗೆ ಎರಡು ದಾಸವಾಳ ಇದ್ದರೆ ಸ್ಟುಡಿಯೊ ಆಯಿತು. ಹಳೆಯ ಮನೆಯಾದರೆ ಕೆಂಪು ನೆಲವೂ ಮುರಕಲ್ಲಿನ ಗೋಡೆಯೂ ಪುಕ್ಕಟೆ. ಅಂಗಳದಲ್ಲಿ ತೆಗೆದರೆ ಎಲ್ಲೂರಿನ 1,200 ಮೆಗಾವಾಟ್ ವಿದ್ಯುತ್ ಸ್ಥಾವರದ ಚಿಮಣಿ ತೆಂಗಿನಮರಗಳ ಮೇಲೆ ಇಣುಕುತ್ತದೆ. ಅದನ್ನು ಕತ್ತರಿಸಿಯೇ ‘ಹಳ್ಳಿಯ ಮಡಿಲಿನಿಂದ’ ಎಂದು ಬರೆಯಬೇಕು. ದನಿ ಸೇರಿಸುವಾಗ ಕೊಂಕಣ ರೈಲು, ಪಕ್ಕದ ಮನೆಯ ಹುಂಜ, ಅಮ್ಮನ ಮಿಕ್ಸಿ ಸರದಿಯ ಮೇಲೆ ಬರುತ್ತವೆ. ವಿಶೇಷ ರೀಲ್ಸಿಗೆ ಪಡುಬಿದ್ರಿಯ ಬ್ಲೂಫ್ಲ್ಯಾಗ್ ಬೀಚು ಅಥವಾ ಕಾಪುವಿನ ದೀಪಸ್ತಂಭ. 1901ರಲ್ಲಿ ಕಟ್ಟಿದ, 27 ಮೀಟರ್ ಎತ್ತರದ ಆ ಸ್ತಂಭ ಹಡಗುಗಳಿಗೆ ದಾರಿ ತೋರಿಸಲು ಇರುವಂಥದ್ದು. ಈಗ ರೆಸಿನ್ ಕೀಚೈನುಗಳ ಹಿಂದೆಯೂ ನಿಂತಿರುತ್ತದೆ.

ಹಿನ್ನೆಲೆಗೆ ಟ್ರೆಂಡಿಂಗ್‌ನಲ್ಲಿರುವ ಹಾಡು ಹಾಕಬೇಕೆಂಬುದು ಶಾಸ್ತ್ರ. ಇಲ್ಲಿ ಒಂದು ಎಲ್ಲೆ ಇದೆ. 2022ರಲ್ಲಿ ‘ಕಾಂತಾರ’ ಸಿನಿಮಾ ಬಂದಮೇಲೆ ಅದರಲ್ಲಿನ ದೈವದ ಕೂಗನ್ನು ಕಂಡಕಂಡಲ್ಲಿ ಅನುಕರಿಸಬೇಡಿ ಎಂದು ಸ್ವತಃ ನಿರ್ದೇಶಕ ರಿಷಬ್ ಶೆಟ್ಟಿಯವರೇ ಕೇಳಿಕೊಳ್ಳಬೇಕಾಯಿತು. ನಂದಿಕೂರಿನ ಪೇಜಿಗೆ ಆ ಮನವಿ ಬೇಕಿರಲಿಲ್ಲ. ಒಳಗಿನ ಕೋಣೆಯಲ್ಲಿ ಅಜ್ಜಿ ಇದ್ದರು. ಯಕ್ಷಗಾನದ ಕಿರೀಟ ಆದೀತು, ಹುಲಿಯ ಮುಖ ಆದೀತು, ದೈವದ ಮುಖವನ್ನು ಬೀಗದಕೈಗೆ ನೇತುಹಾಕುವ ಮಾತೇ ಇಲ್ಲ. ಹೊರಗಿನವರು ಎಷ್ಟು ಕೇಳಿದರೂ ‘ಔಟ್ ಆಫ್ ಸ್ಟಾಕ್’ ಎಂಬ ಉತ್ತರ ಹೋಗುತ್ತದೆ.

ಸರಕಿನ ವಿಚಾರಕ್ಕೆ ಬಂದರೆ, ಈ ಪೇಜಿನ ಹೆಮ್ಮೆಯ ವಸ್ತು ಮದುವೆಯ ಮಲ್ಲಿಗೆಯನ್ನು ರೆಸಿನ್‌ನಲ್ಲಿ ಹಿಡಿದಿಟ್ಟ ಫ್ರೇಮು. ಹೂವನ್ನು ಹಸಿಯಾಗಿ ಮುಳುಗಿಸಿದರೆ ಒಳಗಿನ ನೀರಿನಂಶದಿಂದ ಕಂದುತ್ತದೆ. ಮೊದಲು ಸಿಲಿಕಾ ಹರಳಿನಲ್ಲಿ ಹುಗಿದು ಪೂರ್ತಿ ಒಣಗಿಸಬೇಕು. ರೆಸಿನ್‌ಗೆ ಗಟ್ಟಿಯಾಗಿಸುವ ದ್ರವವನ್ನು ಸರಿಯಾದ ಅಳತೆಯಲ್ಲಿ ಬೆರೆಸಬೇಕು, ಗುಳ್ಳೆ ಬಾರದಂತೆ ಪದರ ಪದರವಾಗಿ ಹೊಯ್ಯಬೇಕು. ಕರಾವಳಿಯ ತೇವದ ಗಾಳಿಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಮೇಲ್ಮೈ ಮಂಜು ಕವಿದಂತಾಗುವುದೂ ಅಂಟು ಉಳಿಯುವುದೂ ಉಂಟು. ಮೊದಲ ಫ್ರೇಮನ್ನು ಅಜ್ಜಿಗೆ ತೋರಿಸಿದರೆ ಅವರು ತಿರುಗಿಸಿ ಮುರುಗಿಸಿ ನೋಡಿ, ಮೂಗಿಗೆ ಹಿಡಿದು, “ಪರಿಮಳ ಎಲ್ಲಿ ಹೋಯ್ತು?” ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಯಾವ ಕೋರ್ಸಿನಲ್ಲೂ ಉತ್ತರವಿಲ್ಲ.

ಬೆಲೆ ಹೇಳುವುದು ಈ ಕಸುಬಿನ ಅತಿ ಗುಪ್ತ ಭಾಗ. ಪೋಸ್ಟಿನ ಕೆಳಗೆ ‘ಡಿಎಂ ಫಾರ್ ಪ್ರೈಸ್’ ಎಂದಿರುತ್ತದೆ. ಮದುವೆಯ ಸಂಬಂಧ ನೋಡುವಾಗ ಸಂಬಳ ಕೇಳುವಷ್ಟೇ ಸಂಕೋಚದಿಂದ ಗಿರಾಕಿ ಒಳಗೆ ಬಂದು ವಿಚಾರಿಸಬೇಕು. ಇದೇ ಕಾಪು ತಾಲೂಕಿನ ಶಂಕರಪುರದ ಮಲ್ಲಿಗೆಯ ಕ್ರಮ ತದ್ವಿರುದ್ಧ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ದರ ದಿನಾ ನಿಗದಿಯಾಗಿ ಹೂವಿನ ಕಟ್ಟೆಯಿಂದ ಕಟ್ಟೆಗೆ ಎಲ್ಲರಿಗೂ ಗೊತ್ತಾಗುತ್ತದೆ. ಮದುವೆ ಸೀಸನ್ನಿನಲ್ಲಿ ದರ ಏರಿದರೆ ಮಲ್ಲಿಗೆ ಕೊಳ್ಳದವರೂ ಅದನ್ನು ಮಾತಾಡುತ್ತಾರೆ. ಒಂದೇ ಒಂದು ರೀಲ್ಸಿಲ್ಲದೆ ಇಡೀ ಜಿಲ್ಲೆಯ ಬಾಯಲ್ಲಿರುವ ಹೂವು ಅದು. ಅದರ ಜಾಹೀರಾತೇ ಅದರ ದರ. ಆ ಹೂವನ್ನೇ ಫ್ರೇಮಿಗೆ ಹಾಕಿದವಳು ದರವನ್ನು ಮುಚ್ಚಿಡುತ್ತಾಳೆ.

ಮುಚ್ಚಿಡಲು ಕಾರಣ ಲೆಕ್ಕ. ಒಂದು ಸಾಧಾರಣ ಫ್ರೇಮನ್ನೇ ತೆಗೆದುಕೊಂಡರೆ, ರೆಸಿನ್, ಅಚ್ಚು, ಬಂಗಾರದ ಬಣ್ಣದ ಹಾಳೆ, ಮರದ ಸ್ಟ್ಯಾಂಡು ಸೇರಿ 700 ರೂಪಾಯಿ, ಪ್ಯಾಕಿಂಗಿಗೆ 60, ಕೆಲಸ 8 ಗಂಟೆ ಎಂದಿಟ್ಟುಕೊಳ್ಳಬಹುದು. 1,200ಕ್ಕೆ ಮಾರಿದರೆ ಉಳಿಯುವುದು 440, ಅಂದರೆ ಗಂಟೆಗೆ 55. ‘ನಮ್ಮವರಲ್ವಾ’ ಎಂದು 200 ಬಿಟ್ಟರೆ ಗಂಟೆಗೆ 30. ಈ ಲೆಕ್ಕ ಮಾಡಿದ ದಿನ ಪೇಜಿನವಳು ಕ್ಯಾಲ್ಕುಲೇಟರ್ ಮುಚ್ಚಿ, ‘ಇದು ನನಗೆ ಬಿಸಿನೆಸ್ ಅಲ್ಲ, ಪ್ಯಾಶನ್’ ಎಂದು ಪೋಸ್ಟ್ ಹಾಕುತ್ತಾಳೆ. ನಿಜವಾದ ಮದ್ದು ಬೇರೆ: ಬೆಲೆಯನ್ನು ಏರಿಸಿ ಬಹಿರಂಗವಾಗಿ ಬರೆಯುವುದು, ರಿಯಾಯಿತಿಯನ್ನು ಎರಡು ತೆಗೆದುಕೊಂಡವರಿಗೆ ಮಾತ್ರ ಇಡುವುದು. ಬರೆದ ಬೆಲೆಗೆ ಚೌಕಾಸಿ ಕಡಿಮೆ. ಬಾಯಲ್ಲಿ ಹೇಳಿದ ಬೆಲೆಗೆ ದೊಡ್ಡಮ್ಮ ಇದ್ದೇ ಇರುತ್ತಾರೆ.

ಗಿರಾಕಿಗಳ ಭಾಷೆಯನ್ನು ಬಿಡಿಸಲು ಕಲಿಯುವುದು ಮುಂದಿನ ಹಂತ. ‘ಸೂಪರ್’ ಎಂದು ಮೂರು ಹೃದಯ ಹಾಕಿದವರು ಕಾಲೇಜಿನ ಗೆಳತಿಯರು, ಕೊಳ್ಳುವುದಿಲ್ಲ. ‘ಮನೆಯಲ್ಲಿ ಕೇಳಿ ಹೇಳ್ತೇನೆ’ ಎಂದರೆ ಬೇಡ ಎಂದರ್ಥ. ‘ಕಡಿಮೆ ಆಗುದಿಲ್ವಾ?’ ಎಂದವರು ಕೊಂಡೇ ಕೊಳ್ಳುವವರು. ಬೇಡದವರು ಚೌಕಾಸಿಗೆ ಬಾಯಿ ನೋಯಿಸಿಕೊಳ್ಳುವುದಿಲ್ಲ. ಚಂದದ ಇಂಗ್ಲಿಷ್ ವಿವರಣೆಯ ಕೆಳಗೆ ತುಳುವಿನಲ್ಲಿ ‘ರೇಟ್ ಏತ್?’ ಎಂದು ಬಂದರೆ ಮಾತ್ರ ಕೂಡಲೇ ಉತ್ತರಿಸಬೇಕು. ಅದು ಹತ್ತು ಕಿಲೋಮೀಟರಿನೊಳಗಿನ ಆರ್ಡರು.

ಯಾರಿಗೆ ಯಾವ ಪೋಸ್ಟು ತೋರಿಸಬೇಕೆಂದು ತೀರ್ಮಾನಿಸುವ ಆಲ್ಗರಿದಮ್ ಎಂಬುದು ಪೇಜಿನವಳ ಶನಿ. ಆರ್ಡರು ಬಾರದಿದ್ದರೆ ಅದರ ವಕ್ರದೃಷ್ಟಿ ಎನ್ನುತ್ತಾಳೆ. ಅದರ ಸ್ವಭಾವ ಅಷ್ಟೇನೂ ನಿಗೂಢವಲ್ಲ. ಎಷ್ಟು ಮಂದಿ ಹೃದಯ ಒತ್ತಿದರು ಎನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು, ಇನ್ನೊಬ್ಬರಿಗೆ ಕಳಿಸಿದರೇ ಎನ್ನುವುದು ಅದಕ್ಕೆ ಮುಖ್ಯ. ನೆಂಟರು ನೋಡದೆಯೇ ಹೃದಯ ಒತ್ತಿ ಮುಂದೆ ಹೋಗುತ್ತಾರೆ. ಇದರಿಂದ ಪ್ರೀತಿ ಬೆಳೆಯುತ್ತದೆ, ವ್ಯಾಪಾರವಲ್ಲ. ಮೊದಲ ಮೂರು ಸೆಕೆಂಡಿನಲ್ಲಿ ಕೈಕೆಲಸ ಕಾಣಬೇಕು ಎಂಬ ಸಲಹೆ ಸರಿಯೇ. ಆದರೆ ಒಂದು ದಿನ ರೆಸಿನ್ ಚೆಲ್ಲಿ ಅಪ್ಪನ ಪಂಚೆ ಮೇಜಿಗೆ ಅಂಟಿಕೊಂಡ ರೀಲ್ಸು ಒಂದು ಲಕ್ಷ ದಾಟುತ್ತದೆ. ನೋಡಿದವರು ಕಾನ್ಪುರದವರು, ಇಂಡೊನೇಷ್ಯದವರು, ಆರ್ಡರು ಸೊನ್ನೆ. ಅಪ್ಪ ಮಾತ್ರ ಪಡುಬಿದ್ರಿ ಪೇಟೆಯಲ್ಲಿ ಪ್ರಸಿದ್ಧರಾಗುತ್ತಾರೆ. ನೋಡುವವರು ಬೇರೆ, ಕೊಳ್ಳುವವರು ಬೇರೆ ಎಂಬ ಪಾಠಕ್ಕೆ ಇದಕ್ಕಿಂತ ಅಗ್ಗದ ಶುಲ್ಕವಿಲ್ಲ.

ಕೊಳ್ಳುವವರು ಇರುವುದು ವಾಟ್ಸ್ಆ್ಯಪಿನಲ್ಲಿ. ಅಲ್ಲಿನ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಮಂದಿಯನ್ನು ಸೇರಿಸಬಹುದು, ಆದರೆ ಕಳಿಸುವವರ ನಂಬರನ್ನು ಸೇವ್ ಮಾಡಿಟ್ಟವರಿಗೆ ಮಾತ್ರ ಸಂದೇಶ ತಲುಪುತ್ತದೆ. ದೊಡ್ಡ ನಗರದ ವ್ಯಾಪಾರಿಗೆ ಇದು ಅಡ್ಡಿ, ನಂದಿಕೂರಿನಲ್ಲಿ ವರ. ಇಲ್ಲಿ ಎಲ್ಲರ ಫೋನಿನಲ್ಲೂ ಅವಳ ನಂಬರು ಇದೆ, ‘ಕ್ರಿಯೇಷನ್ಸ್’ ಎಂಬ ಹೆಸರಿನಲ್ಲಲ್ಲ, ‘ಗೇಟಿನ ಹತ್ತಿರದ ಮನೆ ಸಣ್ಣವಳು’ ಎಂದು. ಸ್ಟೇಟಸ್ಸಿನ ಆಯುಸ್ಸು 24 ಗಂಟೆ. ಯಾರು ನೋಡಿದರೆಂಬ ಪಟ್ಟಿಯೂ ಸಿಗುತ್ತದೆ. ಪಟ್ಟಿಯಲ್ಲಿ ದಿನಾ ಮೊದಲಿಗಿದ್ದು ಒಂದೂ ಕೊಳ್ಳದ ಮಾಮಿ ಮದುವೆಯೂಟದ ಪಂಕ್ತಿಯಲ್ಲಿ ಸಿಕ್ಕಿ “ಈಗ ಏನು ಮಾಡ್ತಾ ಇದ್ದಿ?” ಎಂದು ಕೇಳಿದರೆ ನಗುವುದು ಕಸುಬಿನ ಶಿಸ್ತು.

ವರ್ಷದ ಯೋಜನೆಗೆ ‘ಕಂಟೆಂಟ್ ಕ್ಯಾಲೆಂಡರ್’ ಬೇಕೆನ್ನುತ್ತಾರೆ. ಅಡುಗೆಮನೆಯ ಗೋಡೆಗೆ ನೇತುಬಿದ್ದ ಕ್ಯಾಲೆಂಡರೇ ಸಾಕು. ಮಳೆಗಾಲದ ಆಟಿ ತಿಂಗಳಲ್ಲಿ ಶುಭಕಾರ್ಯವಿಲ್ಲ, ಆರ್ಡರೂ ಇಲ್ಲ. ಫೋಟೊ ತೆಗೆದಿಡಲು, ರೆಸಿನ್ ತರಿಸಲು ಅದು ಕಾಲ. ಅಷ್ಟಮಿಗೆ ಹುಲಿ, ಚೌತಿಗೆ ಗಣಪತಿ, ದೀಪಾವಳಿಗೆ ಹಣತೆ. ನೇಮ, ಜಾತ್ರೆ, ಮದುವೆಗೆಂದು ಮುಂಬಯಿಯವರು ಊರಿಗೆ ಬರುವ ಎಪ್ರಿಲ್–ಮೇ ತಿಂಗಳೇ ಸುಗ್ಗಿ. ಅವರು ಬೆಲೆ ಕೇಳುತ್ತಾರೆ, ಆದರೆ ಕೊಡುತ್ತಾರೆ.

ಈ ಹಂತದಲ್ಲಿ ಇನ್‌ಫ್ಲುಯೆನ್ಸರ್ ಪ್ರವೇಶ. ‘ಕೊಲಾಬ್’ ಎಂದರೆ ವಸ್ತು ಪುಕ್ಕಟೆ, ಬದಲಿಗೆ ಒಂದು ಸ್ಟೋರಿ. ಪುಕ್ಕಟೆ ಪಡೆದದ್ದನ್ನು ಹೊಗಳಿದರೆ ಅದು ಜಾಹೀರಾತೆಂದು ಸ್ಪಷ್ಟವಾಗಿ ತಿಳಿಸಬೇಕೆಂದು ಜಾಹೀರಾತು ಮಾನದಂಡ ಮಂಡಳಿ 2021ರಲ್ಲೂ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರಲ್ಲೂ ಸೂಚನೆ ಕೊಟ್ಟಿವೆ. ಕೊಲಾಬಿಗಿಂತ ಗಟ್ಟಿಯಾದ ಮಾದರಿ ಹತ್ತಿರದಲ್ಲೇ ಇದೆ. ನಿಂತೇಹೋಗುತ್ತಿದ್ದ ಉಡುಪಿ ಸೀರೆಯನ್ನು ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘ ಮತ್ತು ಕಾರ್ಕಳದ ಕದಿಕೆ ಟ್ರಸ್ಟ್ ಮತ್ತೆ ಎತ್ತಿ ನಿಲ್ಲಿಸಿದಾಗ, ಸೀರೆಯ ಚೀಟಿಯಲ್ಲಿ ಅದನ್ನು ನೇಯ್ದವರ ಹೆಸರೂ ಫೋಟೊವೂ ಬಂದವು. ಉಟ್ಟವರು ಸೀರೆಯ ಜೊತೆ ಆ ಮುಖದ ಕತೆಯನ್ನೂ ಹೇಳತೊಡಗಿದರು. ಪೇಜಿನವಳು ಮಾತ್ರ ವರ್ಷಗಟ್ಟಲೆ ಕೈ ಎರಡನ್ನೇ ತೋರಿಸಿರುತ್ತಾಳೆ. ಮುಖ ತೋರಿಸಿ, ಫ್ರೇಮು ಹಾಳಾದ ದಿನದ ಕತೆ ಹೇಳಿದ ವಾರ ಆರ್ಡರು ಬರುತ್ತದೆ.

ಬಂದ ಆರ್ಡರನ್ನು ಮುಟ್ಟಿಸುವುದು ಕೊನೆಯ ಕೆಲಸ. ದೂರಕ್ಕೆ ಅಂಚೆ, ಕೊರಿಯರು. ಕಾರ್ಕಳ, ಉಡುಪಿ, ಮಣಿಪಾಲಕ್ಕೆ ಖಾಸಗಿ ಬಸ್ಸು. ನಂದಿಕೂರು ಪಡುಬಿದ್ರಿ–ಕಾರ್ಕಳ ರಸ್ತೆಯಲ್ಲಿರುವುದರಿಂದ, ಸ್ಟಾಪಿನಲ್ಲಿ ನಿಂತು ಕಂಡಕ್ಟರ ಕೈಗೆ ಪೊಟ್ಟಣ ಕೊಟ್ಟು, “ಸ್ಟ್ಯಾಂಡಲ್ಲಿ ಒಬ್ಬರು ಬರ್ತಾರೆ ಅಣ್ಣಾ, ಗಾಜಿನದ್ದು” ಎಂದರೆ ಸಾಕು. ಕಂಡಕ್ಟರ್ ಅದನ್ನು ಡ್ರೈವರಿನ ಎದುರು, ಮಲ್ಲಿಗೆಯ ಪೊಟ್ಟಣಗಳ ಪಕ್ಕ ಇಡುತ್ತಾನೆ.

ಪೇಜುಗಳು ಹೆಚ್ಚಾಗಿ ಘೋಷಣೆಯಿಲ್ಲದೆ ಸುಮ್ಮನಾಗುತ್ತವೆ. ಕೊನೆಯ ಪೋಸ್ಟು ಎರಡು ವರ್ಷದ ಹಿಂದಿನ ದೀಪಾವಳಿಯದು. ಇದಕ್ಕೆ ಎರಡು ಕಾರಣಗಳಿರಬಹುದು: ಆರ್ಡರು ಬಾರದೆ ನಿಂತಿದೆ, ಇಲ್ಲವೆ ಆರ್ಡರು ಹೆಚ್ಚಾಗಿ ಪೋಸ್ಟು ಹಾಕಲು ಪುರುಸೊತ್ತಿಲ್ಲ. ಯಾವುದೆಂದು ಪೇಜ್ ನೋಡಿ ಹೇಳಲಾಗದು. ಕಾರ್ಕಳ ಬಸ್ಸಿನ ಕಂಡಕ್ಟರನ್ನು ಕೇಳಬೇಕು.