ಸಿಗಡಿ ಲಾರಿಗೆ ಯಾವ ಗ್ಯಾಸು?

ರೀಫರ್ ಎಂಬ ತಂಪು ಪೆಟ್ಟಿಗೆಯ ಲಾರಿ, ಕಂಟೇನರ್, ಹಡಗು ಮೂರರಲ್ಲೂ ತಂಪು ಹುಟ್ಟುವುದು ಪೈಪಿನೊಳಗೆ ಸುತ್ತುವ ಗ್ಯಾಸಿನಿಂದ. ಪೆಟ್ಟಿಗೆಯೊಳಗೆ ಅದು ಆವಿಯಾಗುತ್ತ ಶಾಖ ಹೀರುತ್ತದೆ, ಹೊರಗೆ ದ್ರವವಾಗುತ್ತ ಅದನ್ನು ಬಿಟ್ಟುಕೊಡುತ್ತದೆ. ಯಾವ ಗ್ಯಾಸು ಎಂಬುದು ಮಾತ್ರ ಕಾಲಕಾಲಕ್ಕೆ ಬದಲಾಗುತ್ತಲೇ ಇದೆ. ಪಣಂಬೂರು ಬಂದರಿನ ಬಳಿ ಮೆಕ್ಯಾನಿಕ್ ರಾಘಣ್ಣನಿಗೂ ಸಿಗಡಿ ಲಾರಿಯ ಡ್ರೈವರ್ ಹಮೀದನಿಗೂ ನಡೆಯುವ ಮಾತೂ ಅದೇ.

ಹಮೀದ್: ರಾಘಣ್ಣ, ಗ್ಯಾಸ್ ಖಾಲಿ. ಫುಲ್ ಟ್ಯಾಂಕ್ ಹೊಡೀರಿ.

ರಾಘಣ್ಣ: ಇದೆಂತ ಡೀಸೆಲ್ಲಾ ಮಾರಾಯ? ಗ್ಯಾಸ್ ಖರ್ಚಾಗುವುದಿಲ್ಲ, ಸುತ್ತುತ್ತಾ ಇರ್ತದೆ. ಕಡಿಮೆ ಆದ್ರೆ ಎಲ್ಲೋ ಲೀಕ್. ನಿನ್ನದು 404ಎ. ಒಂದು ಕಿಲೋ ಗಾಳಿಗೆ ಹೋದ್ರೆ, ನೂರು ವರ್ಷದ ಲೆಕ್ಕದಲ್ಲಿ, 3,900 ಕಿಲೋ ಕಾರ್ಬನ್ ಡೈಆಕ್ಸೈಡ್ ಬಿಟ್ಟಷ್ಟು ಬಿಸಿ. ಸುಮಾರು 1,450 ಲೀಟರ್ ಡೀಸೆಲ್ ಸುಟ್ಟಷ್ಟು.

ಹಮೀದ್: ಅಷ್ಟು ಡೀಸೆಲ್ ಹೋಗಿದ್ರೆ ಧಣಿ ನನ್ನನ್ನೇ ಕಳ್ಳ ಅಂತಿದ್ರು. ಇಂಥದ್ದನ್ನು ಹಾಕಿದ್ದು ಯಾರು?

ರಾಘಣ್ಣ: ಒಳ್ಳೆಯದು ಅಂತಲೇ ಹಾಕಿದ್ದು. ಮೊದಲು ಆರ್-12 ಇತ್ತು. ಅದು ಓಝೋನ್ ಪದರ ತಿನ್ನುತ್ತದೆ ಅಂತ 1987ರ ಮಾಂಟ್ರಿಯಲ್ ಒಪ್ಪಂದದಲ್ಲಿ ಕಡಿವಾಣ ಬಿತ್ತು. ಬದಲಿಗೆ ಕಂಟೇನರಿಗೆ 134ಎ, ಫ್ರೋಜನ್ ಲಾರಿಗೆ 404ಎ. ಓಝೋನ್ ಬಚಾವಾಯ್ತು, ಸೆಕೆಯ ತಾಪತ್ರಯ ಉಳಿಯಿತು. ಈಗ ಅದೇ ಒಪ್ಪಂದದ 2016ರ ಕಿಗಾಲಿ ತಿದ್ದುಪಡಿ ಪ್ರಕಾರ ಇವನ್ನೂ ಇಳಿಸಬೇಕು. ಭಾರತ 2021ರಲ್ಲಿ ಒಪ್ಪಿದೆ, ನಮ್ಮಲ್ಲಿ ಕಡಿತ ಶುರುವಾಗುವುದು 2032ಕ್ಕೆ.

ಹಮೀದ್: ಅಷ್ಟರಲ್ಲಿ ಈ ಲಾರಿ ಗುಜರಿಗೆ. ಹೊಸದರಲ್ಲಿ ಎಂತ ಹಾಕ್ತಾರೆ?

ರಾಘಣ್ಣ: ಲಾರಿಗೆ 452ಎ, ಬಿಸಿಯ ಲೆಕ್ಕ 2,100ರ ಹತ್ತಿರ. ಕಂಟೇನರಿಗೆ 513ಎ, ಸುಮಾರು 630. ಮಶಿನಿನ ವಿನ್ಯಾಸ ಹೆಚ್ಚು ಬದಲಿಸಬೇಕಾಗಿಲ್ಲ, ಅದಕ್ಕೇ ಕಂಪನಿಯವರಿಗೆ ಪ್ರೀತಿ. ಕಾರ್ಬನ್ ಡೈಆಕ್ಸೈಡನ್ನೇ ತುಂಬಿಸುವ ಕಂಟೇನರ್ ಕೂಡ ಉಂಟು. ಅದರ ಲೆಕ್ಕ ಬರೀ 1.

ಹಮೀದ್: ಸೋಡಾ ಗ್ಯಾಸ್! ಹಾಗಾದ್ರೆ ಗೋಲಿಸೋಡಾ ಅಂಗಡಿಯಲ್ಲೇ ತುಂಬಿಸಬಹುದಲ್ಲ!

ರಾಘಣ್ಣ: ತುಂಬಿಸು, ನಾನು ಉಡುಪಿಯಲ್ಲಿ ನಿಂತು ನೋಡ್ತೇನೆ. 31 ಡಿಗ್ರಿ ದಾಟಿದ್ರೆ ಅದು ದ್ರವವೇ ಆಗುವುದಿಲ್ಲ. ನಮ್ಮ ಏಪ್ರಿಲ್ ಸೆಕೆಗೆ ಪೈಪಿನ ಒತ್ತಡ ಹೊರಗಿನ ಗಾಳಿಯ ನೂರು ಪಟ್ಟಿನ ಹತ್ತಿರ. ಕಂಪ್ರೆಸರೇ ಬೇರೆ, ಪೈಪೇ ಬೇರೆ.

ಹಮೀದ್: ಐಸ್ ಪ್ಲಾಂಟಿನ ಅಮೋನಿಯಾ?

ರಾಘಣ್ಣ: ಮೀನು ಹಿಡಿಯುವ ದೊಡ್ಡ ಹಡಗುಗಳಲ್ಲಿ ಉಂಟು. ತಾಮ್ರದ ಪೈಪನ್ನು ತಿನ್ನುತ್ತದೆ. ಲಾರಿಯಲ್ಲಿ ಲೀಕಾದ್ರೆ ನೀನು ಕಿಟಕಿಯಿಂದ ಹಾರಬೇಕಾದೀತು. ಪ್ರೊಪೇನ್ ಒಳ್ಳೆಯದು, ಲೆಕ್ಕ 3. ಆದ್ರೆ ಬೆಂಕಿ ಹತ್ತಿಕೊಳ್ತದೆ.

ಹಮೀದ್: ಮನೆಯ ಸಿಲಿಂಡರಿನಲ್ಲೂ ಅದು ಉಂಟಲ್ವಾ? ಒಂದು ತರ್ಲಾ?

ರಾಘಣ್ಣ: ಬೇಡ ಮಾರಾಯ, ಮನೆಯಲ್ಲಿ ಅನ್ನ ಆಗಲಿ. ಹತ್ತಿಕೊಳ್ಳುವ ಗ್ಯಾಸಿನ ಕಂಟೇನರ್ ಹೇಗಿರಬೇಕು ಅಂತಲೇ 2019ರಲ್ಲಿ ಐಎಸ್‌ಒ 20854 ಎಂಬ ಮಾನದಂಡ ಬಂದಿದೆ.

ಹಮೀದ್: ಹಾಗಾದ್ರೆ 404ಎಯೇ ಇರಲಿ. ನಮ್ಮ ಭಾವ ಅರ್ಧ ಕ್ರಯಕ್ಕೆ ಕೊಡ್ತಾನೆ.

ರಾಘಣ್ಣ: 2011ರಲ್ಲಿ 134ಎ ಹೆಸರಿನ ನಕಲಿ ಗ್ಯಾಸು ಕಂಟೇನರುಗಳಿಗೆ ಹೋಯಿತು. ಒಳಗಿದ್ದದ್ದು ಮೀಥೈಲ್ ಕ್ಲೋರೈಡ್. ಅಲ್ಯೂಮಿನಿಯಂ ಜೊತೆ ಸೇರಿದ್ರೆ ಗಾಳಿ ಸೋಕಿದ ಕೂಡಲೇ ಹತ್ತಿಕೊಳ್ಳುವ ವಸ್ತುವಾಗ್ತದೆ. ವಿಯೆಟ್ನಾಂ, ಬ್ರೆಜಿಲ್‌ಗಳಲ್ಲಿ ಮಶಿನ್ ಸಿಡಿದು ಮೂವರು ಸತ್ತರು. ಭಾವಂದಿರಲ್ಲ, ನನ್ನಂಥ ಮೆಕ್ಯಾನಿಕ್ಕುಗಳು.

ಹಮೀದ್: ಭಾವನಿಗೆ ಬೇಡ ಅಂತೇನೆ. ನಿಮ್ಮಲ್ಲಿ ಎಷ್ಟಾಗ್ತದೆ?

ರಾಘಣ್ಣ: ಮೊದಲು ಲೀಕ್ ಹುಡುಕುವ. ನೈಟ್ರೋಜನ್ ಬಿಟ್ಟು, ಜಾಯಿಂಟಿಗೆ ಸೋಪು ನೀರು ಹಚ್ಚಿ ನೋಡಬೇಕು.

ಹಮೀದ್: ಸೋಪಿನ ಕ್ರಯ ಬಿಲ್ಲಿಗೆ ಹಾಕಬೇಡಿ.

ರಾಘಣ್ಣ: ಸೋಪು ಫ್ರೀ. ಬೆಸುಗೆ ಹಾಕಿ, ವ್ಯಾಕ್ಯೂಮ್ ಎಳೆದು, ಆಮೇಲೆ ತೂಕ ಮಾಡಿ ಗ್ಯಾಸು. ಅದೂ ಮಶಿನಿನ ಪ್ಲೇಟಿನಲ್ಲಿ ಬರೆದದ್ದೇ.