ಹನ್ನೆರಡು ಜನ ಬೇಕಾಗಿದ್ದಾರೆ

ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದಿಲ್ಲದ ಬೀದಿ ಹುಡುಕುವುದು ಕಷ್ಟ. ಆ್ಯಪ್ ಮಾಡುವ ಹುಡುಗನಿಲ್ಲದ ಬೀದಿಯೂ ಈಗ ಅಷ್ಟೇ ಅಪರೂಪ. ವಾರಕ್ಕೆರಡು ಸಲ ಯಲಹಂಕದ ಮೇಲೆ ಬಸ್ಸಿನಲ್ಲಿ ಹೋಗಿ ಆಫೀಸಿಗೆ ಮುಖ ತೋರಿಸಿ ಬರುತ್ತಾನೆ. ಉಳಿದ ದಿನ ಮಹಡಿ ಕೋಣೆಯೇ ಕಂಪನಿ. ಬೆಳಗಿನ ಮೀಟಿಂಗಿನಲ್ಲಿ ತನ್ನ ಸರದಿಗೆ ಮ್ಯೂಟ್ ತೆಗೆದನೋ, ಕೆಳಗಿನ ನಾಲ್ಕು ಪವರ್‌ಲೂಮುಗಳೂ ವರದಿ ಒಪ್ಪಿಸಲು ಶುರುಮಾಡುತ್ತವೆ. ಗುರುಗ್ರಾಮದ ಮ್ಯಾನೇಜರು ಮೊದಮೊದಲು ‘ರೈಲಿನಲ್ಲಿದ್ದೀಯಾ?’ ಎಂದು ಕೇಳುತ್ತಿದ್ದರು. ಈಗ ಕರೆಂಟು ಹೋಗಿ ಮಗ್ಗ ನಿಂತ ದಿನ ‘ಇವತ್ತು ರಜೆಯಾ?’ ಎನ್ನುತ್ತಾರೆ.

ಬೀದಿಯವರ ಪ್ರಕಾರ ಅವನದು ‘ಮೊಬೈಲ್ ಕೆಲಸ’. ಆದ್ದರಿಂದ ಒಡೆದ ಗ್ಲಾಸು, ಉಬ್ಬಿದ ಬ್ಯಾಟರಿ, ಬಾರದ ಓಟಿಪಿ ಎಲ್ಲವೂ ಅವನ ಪಾಲಿಗೇ. ನಿಂತ ಜಾಗದ ಸರ್ವೆ ನಂಬರು ತೋರಿಸುವ ಸರ್ಕಾರದ ದಿಶಾಂಕ್ ಆ್ಯಪನ್ನು ದೇವನಹಳ್ಳಿ ಮಾವನಿಗೆ ಹಾಕಿಕೊಟ್ಟ. ‘ಎಕರೆಗೆ ಎಷ್ಟು ನಡೀತೈತೆ ಅಂತ ಹೇಳ್ದೆ ಇದ್ಮೇಲೆ ಇದೆಂಥ ಆ್ಯಪಪ್ಪಾ?’ ಎಂದರು ಮಾವ. ವಿಮಾನ ನಿಲ್ದಾಣ ಬಂದ ಊರಿನವರು, ಕೇಳಬೇಕಾದ್ದೇ.

ಭಾನುವಾರ ಬೆಳಗಾಗುವ ಮುಂಚೆ ಬೈಕು ಮಾಕಳಿದುರ್ಗದ ಕಡೆ. ಬೆಟ್ಟ ಹತ್ತಿ ಅವನು ಮೊದಲು ನೋಡುವುದು ಸೂರ್ಯನನ್ನಲ್ಲ, ಸಿಗ್ನಲ್ಲನ್ನು.

ಅವನ ನಿಜವಾದ ಬದುಕು ಶುರುವಾಗುವುದು ರಾತ್ರಿ ಹತ್ತರ ಮೇಲೆ, ಸ್ವಂತ ಆ್ಯಪಿನ ಜೊತೆ. ಮಗ್ಗದವರ ಕೂಲಿ ಲೆಕ್ಕದ ಆ್ಯಪ್ ಅದು. ಅಪ್ಪನ ಉದ್ದ ನೋಟ್‌ಬುಕ್ಕನ್ನು ಮೂಲೆಗೆ ತಳ್ಳಬೇಕೆಂಬ ಹಟ. ‘ಒಟ್ಟು ಮೊತ್ತ’ದ ಒತ್ತಕ್ಷರಗಳು ಗುಂಡಿಯ ಅಂಚಿಗೆ ಸಿಕ್ಕು ಕತ್ತರಿಸಿಹೋಗುತ್ತಿದ್ದುದನ್ನು ಸರಿಪಡಿಸುವಷ್ಟರಲ್ಲಿ ಕೋಳಿ ಕೂಗಿತ್ತು. ಪ್ಲೇ ಸ್ಟೋರಿಗೆ 25 ಡಾಲರ್ ಕಟ್ಟಿದ. ಆಗ ಎದುರಾಯಿತು ಗೂಗಲ್‌ನ ನಿಯಮ: 2023ರ ನವೆಂಬರ್ ಮಧ್ಯದಿಂದೀಚೆಗೆ ಸ್ವಂತ ಹೆಸರಿನಲ್ಲಿ ಖಾತೆ ತೆರೆದವರು ಆ್ಯಪ್ ಬಿಡುಗಡೆಗೆ ಮುಂಚೆ ಜನರಿಂದ 14 ದಿನ ಸತತವಾಗಿ ಪರೀಕ್ಷೆ ಮಾಡಿಸಬೇಕು. ಮೊದಲು 20 ಜನ ಬೇಕಿತ್ತು, 2024ರ ಕೊನೆಗೆ 12ಕ್ಕೆ ಇಳಿಸಿದರು. ಇಳಿಸಿದವರು ನಮ್ಮ ಬೀದಿಯನ್ನು ನೋಡಿದವರಲ್ಲ.

‘ನಿಮ್ಮ ಜಿಮೇಲ್ ಹೇಳಿ ಚಿಕ್ಕಪ್ಪ.’

‘ಅದು ಫೋನ್ ತಗೊಂಡಾಗ ಅಂಗಡಿ ಹುಡುಗ ಮಾಡಿದ್ದು ಕಣಪ್ಪ. ಅವನನ್ನೇ ಕೇಳ್ಬೇಕು.’

‘ಅವನೆಲ್ಲಿ?’

‘ಹೊಸಕೋಟೇಲಿ ಬಿರಿಯಾನಿ ಹೋಟ್ಲು ಇಟ್ಟವ್ನೆ.’

ಹೊಸಕೋಟೆಗೂ ಹೋಗಿ ಬಂದ. ಜಿಮೇಲ್ ಸಿಗಲಿಲ್ಲ, ಬಿರಿಯಾನಿ ಚೆನ್ನಾಗಿತ್ತು; ಅಲ್ಲೇ ಇಬ್ಬರು ಸಪ್ಲೈಯರುಗಳನ್ನು ಟೆಸ್ಟರು ಮಾಡಿಕೊಂಡ. ಸೋದರತ್ತೆ, ಕಟಿಂಗ್ ಶಾಪಿನವನು, ನಾಲ್ವರು ನೇಕಾರರು, ಹಾಗೂ ಹೀಗೂ ಹನ್ನೆರಡು ತುಂಬಿತು. ದಿನಾ ಬೆಳಿಗ್ಗೆ ಮನೆಮನೆಗೆ ಹೋಗಿ ‘ಆ್ಯಪ್ ತೆಗೆದು ನೋಡಿದ್ರಾ?’ ಎಂದು ವಿಚಾರಿಸುವುದೇ ನೌಕರಿಯಾಯಿತು. ‘ಅದೇನು ಮಾತ್ರೇನೇನೋ, ದಿನಾ ತಗೊಳ್ಳೋಕೆ?’ ಎಂದು ಅತ್ತೆ ರೇಗಿದರು.

ಹನ್ನೊಂದನೇ ದಿನ ಅಪ್ಪ ಬಾಯಿ ಬಿಟ್ಟರು. ‘ಎಲ್ಲಾ ಸರಿಯಾಗೈತೆ. ಅಡ್ವಾನ್ಸ್ ಬರಕೊಳ್ಳೋ ಜಾಗ ಎಲ್ಲೋ?’

ಮಗ್ಗದ ಲೆಕ್ಕದಲ್ಲಿ ಕೂಲಿಗಿಂತ ಅಡ್ವಾನ್ಸೇ ದೊಡ್ಡದು ಎಂಬುದು ಹುಡುಗನಿಗೆ ಹೊಳೆದದ್ದೇ ಆಗ. ರಾತ್ರಿಯೆಲ್ಲಾ ಕೂತು ಅಳಿಸಲಾಗದ ಹಾಗೆ ಅಡ್ವಾನ್ಸ್ ಕಾಲಮ್ಮು ಸೇರಿಸಿ ಅಪ್‌ಡೇಟ್ ಬಿಟ್ಟ. ಅಪ್ಪ ಮೊದಲ ಸಲ ಆ್ಯಪನ್ನು ಹೊಗಳಿದರು. ನಾಲ್ವರು ನೇಕಾರರೂ ಅವತ್ತು ಸಂಜೆಯೊಳಗೆ ಟೆಸ್ಟಿನಿಂದ ಹೊರಬಿದ್ದರು.

ಈಗ ಎಂಟು ಜನ ಉಳಿದಿದ್ದಾರೆ. ನಿಮ್ಮ ಜಿಮೇಲ್ ನಿಮಗೆ ನೆನಪಿದೆಯಾ?